ಬಾಯಿಂದ ಊದಬಾರದು

ಮೊದಲ ಪಾಠ ಅದು. ಬಾಯಿಂದ ಊದಬಾರದು.
ಉಸಿರಲ್ಲಿ ನೀರಿರುತ್ತದೆ, ಆ ನೀರಿಗೇ
ಈ ಊರಿನ ದೂಳು ಕಾದು ಕೂತಿರುತ್ತದೆ.
ಎರಡೂ ಕೂಡಿದರೆ ಮಸೂರದ ಮೇಲೆ ಒಂದು ಪೊರೆ,
ಅದನ್ನು ಕೀಳಲು ನನ್ನಿಂದಾಗದು, ನನ್ನಪ್ಪನಿಂದಲೂ ಆಗದು.

ಮುಯ್ನಾಕಿನ ಬಸ್ ನಿಲ್ದಾಣದ ಹಿಂದೆ ನನ್ನ ಅಂಗಡಿ:
ಒಂದು ಮೇಜು, ದೀಪ, ಹತ್ತಿ, ಸ್ಪಿರಿಟ್ಟು,
ಹಲ್ಲುಜ್ಜುವ ಹಳೆಯ ಬ್ರಷ್ಷು, ಗಾಳಿ ಹೊಡೆಯುವ ರಬ್ಬರ್ ಬುರುಡೆ
ತಂಗಿಯ ಕೂಸಿಗೆ ನೆಗಡಿಯಾದಾಗ ತಂದದ್ದು;
ಕೂಸು ಈಗ ಸೈಕಲ್ ಹೊಡೆಯುತ್ತದೆ.
ಬಾಗಿಲಿಗೆ ಒದ್ದೆ ಗೋಣಿ ಕಟ್ಟಿದ್ದೇನೆ.
ಆದರೂ ಬರುತ್ತದೆ.
ಉತ್ತರದ ಗಾಳಿ ಎದ್ದ ದಿನ ಚಹಾದ ಮೇಲೆ ಕೆನೆಯ ಹಾಗೆ ಕಟ್ಟುತ್ತದೆ.
ಉಪ್ಪು ಹಾಕಿದೆಯಾ ಉತೆಬಾಯ್, ಕೇಳುತ್ತಾರೆ ಗಿರಾಕಿಗಳು.
ನಾನಲ್ಲ, ಸಮುದ್ರ ಎನ್ನುತ್ತೇನೆ.

ಇತ್ತು. ಇಲ್ಲೇ, ಈ ರಸ್ತೆ ಮುಗಿಯುವಲ್ಲಿ.
ಅಜ್ಜ ಅದರ ಮೇಲೆ ದೋಣಿ ನಡೆಸಿದವನು.
ನಾನು ಅದನ್ನು ಡ್ರೈವುಗಳ ಹೊಟ್ಟೆಯಿಂದ
ಚಿಟಿಕೆ ಚಿಟಿಕೆಯಾಗಿ ತೆಗೆಯುವವನು.

ಸೋಮವಾರ ಸರ್ಬಿನಾಜ್ ಬಂದಳು, ಎದೆರೋಗದ ಆಸ್ಪತ್ರೆಯ ನರ್ಸು,
ಕಂಪ್ಯೂಟರಿನ ಡಬ್ಬಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು.
"ಡಿಸ್ಕ್ ನುಂಗುತ್ತದೆ, ಉಗುಳುವುದಿಲ್ಲ."

ಪೇಪರ್ ಕ್ಲಿಪ್ಪು ನೆಟ್ಟಗೆ ಮಾಡಿ
ಮುಂದಿನ ಸೂಜಿತೂತಿಗೆ ತೂರಿಸಿದೆ.
ಒಳಗೆಲ್ಲೋ ಹಲ್ಲು ಹಲ್ಲಿಗೆ ಕೂಡಿ, ತಟ್ಟೆ
ಬೆರಳಗಲ ಹೊರಬಂತು, ಡಾಕ್ಟರಿಗೆ ಚಾಚಿದ ನಾಲಿಗೆ.
ಮಿಕ್ಕದ್ದು ಕೈಯಿಂದ. ಎಳೆದರೆ ಮುರಿಯುತ್ತದೆ,
ಕರೆದರೆ ಬರುತ್ತದೆ.

ತಿರುಪುಗಳನ್ನು ಚಹಾದ ಬಸಿಗೆ ಹಾಕಿದೆ.
ಮುಚ್ಚಳ ಎತ್ತಿದಾಗ ಅವಳು ಅಯ್ಯೋ ಎಂದಳು.
ಬಿಳಿ. ಲಟ್ಟಿಸುವ ಮಣೆಗೆ ಹಿಟ್ಟು ಉದುರಿಸಿದ ಹಾಗೆ.
ಮುಖ ಆಚೆ ತಿರುಗಿಸಿ ಗಂಟಲು ಸರಿಮಾಡಿಕೊಂಡೆ.
ರಬ್ಬರ್ ಪಟ್ಟಿ ಸಡಿಲ. ಗ್ರೀಸು ಹಳೆಯ ಬೆಲ್ಲದಂತೆ ಕಲ್ಲಾಗಿತ್ತು,
ಹಲ್ಲುಕಡ್ಡಿಯಿಂದ ಕೆರೆದೆ. ಹೊಸದು ಸಾಸಿವೆಯಷ್ಟು ಸಾಕು,
ಹೆಚ್ಚಾದರೆ ದೂಳಿಗೆ ನಾವೇ ಹಾಸಿದ ಹಾಸಿಗೆ.

ಆಮೇಲೆ ಕಣ್ಣು.
ಹೆಸರು ಮಸೂರ, ಗಾತ್ರವೂ ಬೇಳೆಯಷ್ಟೇ.
ಕೂದಲೆಳೆಯ ತಂತಿಗಳ ಮೇಲೆ ತೂಗುತ್ತದೆ,
ಒತ್ತಿದರೆ ಕುರುಡು.
ಹತ್ತಿಗೆ ಸ್ಪಿರಿಟ್ಟು ತೋರಿಸಬೇಕು, ಕುಡಿಸಬಾರದು.
ಒಮ್ಮೆ. ತಡೆ. ಇನ್ನೊಮ್ಮೆ.
ಮಲಗಿದ ಕೂಸಿನ ರೆಪ್ಪೆ ಒರೆಸಿದ ಹಾಗೆ,
ಎಂದು ನನಗೆ ನಾನೇ ಗೊಣಗಿಕೊಂಡೆ.
"ದೊಡ್ಡವರದ್ದೂ ಹಾಗೇ," ಅಂದಳು.

ಡಿಸ್ಕನ್ನೂ ಒರೆಸಿದೆ, ನಡುವಿನಿಂದ ಅಂಚಿಗೆ.
ಸುತ್ತ ತಿರುವಿದರೆ ಗೀರು ಬರಹದ ಜೊತೆಗೇ ಓಡುತ್ತದೆ.
ನಮ್ಮ ಸಮುದ್ರ ಅಂಚಿನಿಂದ ನಡುವಿಗೆ ಹೋಯಿತು.
ಒರೆಸಿದವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲವೋ ಏನೋ.

ತಂತಿ ಸಿಕ್ಕಿಸಿ ಹಚ್ಚಿದೆ. ಗುಂಯ್ ಎಂದಿತು,
ಎರಡು ಸಲ ತೊದಲಿತು, ಓದಿತು.
ಪರದೆಯ ಮೇಲೆ ಒಂದು ಎದೆಗೂಡು.
ಯಾರದ್ದೋ. ಹೆಸರಿನ ಜಾಗದಲ್ಲಿ ನಂಬರು.
ಮೇಲಿನ ಮೂಲೆಯಲ್ಲಿ ಬಿಳಿ ಚುಕ್ಕೆಗಳು, ಅದೇ ಹಿಟ್ಟು.
ಅಭ್ಯಾಸದ ಕೈ ಹತ್ತಿ ಎತ್ತಿಕೊಂಡು ಪರದೆ ಒರೆಸಿತು.
ಹೋಗಲಿಲ್ಲ. ಇನ್ನಷ್ಟು ಸ್ಪಿರಿಟ್ಟು.
ಸರ್ಬಿನಾಜ್ ನನ್ನ ಮಣಿಕಟ್ಟು ಹಿಡಿದಳು.
"ಗಾಜಿನ ಮೇಲಲ್ಲ, ಉತೆಬಾಯ್."

ಮುಚ್ಚಳ ಮುಚ್ಚಿದೆ. ದುಡ್ಡು ಎಣಿಸಿದಳು, ಮೇಲೊಂದು ರೊಟ್ಟಿ.
ಮೂರು ತಿಂಗಳಿಗೊಮ್ಮೆ ತಾ ಎಂದೆ. ಬಟ್ಟೆ ಹೊದಿಸಿಡು,
ಗಾಳಿಗೆ ಎದುರಾಗಿ ಬೇಡ.
"ನಾನೂ ಬಂದವರಿಗೆ ಇಷ್ಟೇ ಹೇಳುವುದು."

ಹೊಸ್ತಿಲಲ್ಲಿ ಕಂಬಳಿ ಬಿಗಿಮಾಡಿಕೊಳ್ಳುತ್ತ,
ನನ್ನ ಕಡೆ ನೋಡದೆ, "ಈ ಕೆಮ್ಮು ಎಷ್ಟು ದಿನದಿಂದ?"

ಯಾವ ಕೆಮ್ಮು, ಅಂದೆ.
ಬಸಿಯಲ್ಲಿ ತಿರುಪು ಒಂದು ಉಳಿದಿತ್ತು.
ಎಲ್ಲಿಯದೆಂದು ಹುಡುಕುವವನ ಹಾಗೆ
ತಲೆ ತಗ್ಗಿಸಿದೆ.