ಒಂದು ಮನೆ ಕೆಳಗೆ

ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಮೂವತ್ತು ಹೆಂಗಸರು.
ಕಡ್ಡಿ ಕಿತ್ತು, ಕಪ್ಪು ಆರಿಸಿ,
ಹಸಿರು ಬೇರೆ ಹಳದಿ ಬೇರೆ ಮಾಡಿದ್ದಕ್ಕೆ ಕಿಲೋಕ್ಕೆ ಇಷ್ಟು.
ಲೆಕ್ಕ ನನ್ನದು.
ತೂಕ ಒಂದು ಹಾಳೆಯಲ್ಲಿ, ಕೂಲಿ ಇನ್ನೊಂದರಲ್ಲಿ,
ನಡುವೆ ಸೂತ್ರ:
ಅಲ್ಲಿಯ ಏಳನೆಯ ಮನೆ ನೋಡು, ಇಲ್ಲಿ ಏಳರಲ್ಲಿ ಬರೆ.
ಹೇಳಿದಷ್ಟು ಮಾತ್ರ ಕೇಳುವ ಹುಡುಗ.

ಹೋಳಿಯ ಮರುದಿನ ಖಾಜಾಬಿ ಬಂದಳು.
ತೂಕದ ಹಾಳೆಯಲ್ಲಿ ಕೊನೆಗೆ ಸೇರಿಸಿದೆ.
ಕೂಲಿಯ ಹಾಳೆ ಅಕ್ಷರಮಾಲೆಯಂತೆ ಇರಬೇಕು, ಸಾವಕಾರರ ಹಟ.
ಕಸ್ತೂರಿಯ ಕೆಳಗೆ, ಗಂಗವ್ವನ ಮೇಲೆ ಒಂದು ಖಾಲಿ ಮನೆ ತುರುಕಿದೆ.
ಕೆಳಗೆ ಸರಿಸಲೇ, ಕೇಳಿತು.
ಸರಿಸು.
ಚೌಕಾಬಾರದ ಕಾಯಿಗಳ ಹಾಗೆ
ಹೆಸರುಗಳೆಲ್ಲ ಒಂದೊಂದು ಮನೆ ಇಳಿದವು.
ರೊಕ್ಕ ಕೂತಲ್ಲೇ ಕೂತಿತ್ತು.

ಅಡಿಯ ಮೊತ್ತ ಪೈಸೆಗೆ ಪೈಸೆ ಹೊಂದಿತು. ಸಹಿಯೂ ಬಿತ್ತು.
ತಕ್ಕಡಿ ವಾಲಿದರೆ ಮುಳ್ಳು ಹೇಳುತ್ತದೆ,
ಜರಡಿ ಹರಿದರೆ ಕಡ್ಡಿ ಉದುರಿ ಹೇಳುತ್ತದೆ.
ಇದು ಕೆಮ್ಮಲೂ ಇಲ್ಲ.

ಶನಿವಾರ ಗಂಗವ್ವ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು,
ಏನೂ ಅನ್ನದೆ ಸೆರಗಿಗೆ ಗಂಟು ಹಾಕಿದಳು.
ಸೋಮವಾರದಿಂದ ಅವಳ ಕೈಗೆ ಒಂದು ಹೊಸ ಬೀಸು:
ಕಡೆಗೂ ಯಾರೋ ತನ್ನ ಕೆಲಸ ಕಂಡಿದ್ದಾರೆ.

ಗುರುಬಾಯಿ, ಶೆಡ್ಡಿಗೇ ಚುರುಕಾದವಳು,
ಅಂಗೈ ತಿರುವಿ ನೋಡಿಕೊಂಡಳು.
“ಬೆರಳೇನೋ ನೆಟ್ಟಗ ಅದಾವು, ಕಣ್ಣ ಮಂಜ ಆಗ್ಯಾವೇನೋ.”
ಭಾನುವಾರ ವಿಜಯಪುರದ ಬಸ್ಸು ಹತ್ತಿ
ಹನ್ನೆರಡು ನೂರು ಕೊಟ್ಟು ಕನ್ನಡಕ ತಂದಳು.
ನನ್ನನ್ನು ಕೇಳಲಿಲ್ಲ.
ಕಂಪ್ಯೂಟರದಾಗ ಬಂದದ್ದು ಸುಳ್ಳ ಇರ್ತದೇನು?

ಮೂರನೆಯ ಶನಿವಾರ ಖಾಜಾಬಿ ಕಿಟಕಿಗೆ ಬಂದು
ನೋಟುಗಳನ್ನು ಮೇಜಿನ ಮೇಲಿಟ್ಟಳು.
“ಅಕ್ಕೋರ, ಮಗಳ ಹೆರಿಗಿ ಇತ್ತು, ಈ ವಾರ ನಾ ಬಂದದ್ದ ಎರಡ ದಿನಾ.
ಆರ ದಿನದ್ದ ಕೊಟ್ಟೀರಿ.
ಇದು ಯಾರ್ದೋ ರೊಕ್ಕ ಐತಿ, ನೋಡ್ರಿ.”

ಅವಳ ಮನೆಯ ಮೇಲೆ ಎರಡು ಸಲ ಒತ್ತಿದೆ.
ಸೂತ್ರ ಬಿಚ್ಚಿಕೊಂಡಿತು, ನಾಚಿಕೆಯಿಲ್ಲದೆ:
ಖಾಜಾಬಿಯ ಹೆಸರಿಟ್ಟುಕೊಂಡು
ಗಂಗವ್ವನ ಬಾಗಿಲು ಬಡಿಯುತ್ತಿತ್ತು.
ಅಲ್ಲಿಂದ ಕೆಳಗೆ ಇಪ್ಪತ್ತನಾಲ್ಕು ಮನೆ,
ಪ್ರತಿಯೊಬ್ಬಳೂ ಪಕ್ಕದವಳ ಬೆವರು ಎಣಿಸುತ್ತಿದ್ದಳು.

ರಾತ್ರಿ ಕೂತು ತಿದ್ದಿದೆ. ಕಡಿಮೆ ಬಿದ್ದವರಿಗೆ ಕೊಟ್ಟೆವು,
ಹೆಚ್ಚು ಹೋದವರಿಂದ ಮೂರು ವಾರ ಮುರಿದುಕೊಂಡೆವು.
ಗಂಗವ್ವ ಗಂಟು ಬಿಚ್ಚಿದಳು, ಮಾತಿಲ್ಲದೆ.
ಅವಳ ಕೈ ಮತ್ತೆ ಮೊದಲಿನಷ್ಟೇ.
ಅದಕ್ಕೆ ಯಾವ ಮನೆಯಲ್ಲಿ ಏನು ಬರೆಯಲಿ?

ಕನ್ನಡಕದ ದುಡ್ಡು ನಾ ಕೊಡ್ತೀನಿ ಅಂದರೆ
ಗುರುಬಾಯಿ ನಕ್ಕಳು. “ಇರಲಿ ಬಿಡ್ರಿ, ಕಡ್ಡಿ ಛಲೋ ಕಾಣ್ತಾವ.”

ಅವಳಿಗೆ ಓದು ಬಾರದು, ತನ್ನ ಹೆಸರಿನ ಗು ಒಂದು ಗೊತ್ತು.
ಈಗ ಶನಿವಾರ ಶನಿವಾರ ಅದನ್ನೇರಿಸಿಕೊಂಡು ಬರುತ್ತಾಳೆ,
ಕಸಬರಿಗೆಯ ಒಂದು ಕಡ್ಡಿ ಹಾಳೆಗೆ ಅಡ್ಡ ಇಟ್ಟು
ಗು ಹಿಡಿದು ರೊಕ್ಕದ ತನಕ ಬೆರಳು ಎಳೆಯುತ್ತಾಳೆ.
“ಒಂದ ಸಾಲಿನಾಗ ಐತೆಲ್ಲರಿ?”

ಐತಿ ಅನ್ನುವ ಮೊದಲು
ನಾನೂ ಒಮ್ಮೆ ಬಗ್ಗಿ ನೋಡುತ್ತೇನೆ.