ಡಿಮ್ ಮಾಡುವ ಕಾಲು

ಡೂಮ್‌ಲೈಟ್ ಸರ್ಕಲ್ಲಿನ ಹಿಂದೆ, ಟಯರ್ ಅಂಗಡಿ ದಾಟಿ,
ಅಮೀರ್‌ಜಾನ್ ಬಾನೆಟ್ಟಿನೊಳಗೆ ಅರ್ಧ ಮುಳುಗಿದ್ದಾನೆ.
ಲ್ಯಾಂಡ್‌ಮಾಸ್ಟರ್, ಐವತ್ತಾರನೇ ಇಸವಿಯದು,
ಒಂದು ಕಾಲಕ್ಕೆ ಬೂದಿ ಬಣ್ಣ, ಈಗ ಹೇಳಲಾಗದ್ದು.
"ಲೈಟು ಹತ್ತಿದೆಯಾ ಅಂತ ನೋಡೋಕೆ
ಟಾರ್ಚು ಬೇಕು ಅಮೀರಣ್ಣ" ಅಂದೆ.
ನಗಲಿಲ್ಲ. ದಿನಾ ಯಾರಾದರೊಬ್ಬರು ಹೇಳುವ ಮಾತೇ ಇರಬೇಕು.

ತಂಗಿಯ ಮಗ ಫೋನಿನಲ್ಲಿ ತೋರಿಸಿದ್ದ:
ಎಲ್‌ಇಡಿ, ಜೋಡಿಗೆ ಎರಡು ಸಾವಿರದ ನಾನೂರು,
ಹಗಲಿನಂಥ ಬಿಳುಪು, ಹತ್ತು ನಿಮಿಷದ ಕೆಲಸ.
ಅಮೀರ್‌ಜಾನ್ ಬ್ಯಾಟರಿಯತ್ತ ಬೆರಳು ಮಾಡಿದ:
"ಊರಿನ ಗಾಡಿಯೆಲ್ಲ ಮೈನಸ್ಸನ್ನ ಬಾಡಿಗೆ ಕಟ್ಟಿದರೆ
ಇದು ಪ್ಲಸ್ಸನ್ನ ಕಟ್ಟಿಕೊಂಡು ಕೂತಿದೆ.
ನಿಮ್ಮ ಹುಡುಗನ ಬಲ್ಬು
ಕಣ್ಣು ಬಿಡೋ ಮೊದಲೇ ಹೋಗ್ತದೆ."

ಆಮೇಲೆ ಮೀಟರ್ ತಂದ. ಕೆಂಪು ತಂತಿ, ಕಪ್ಪು ತಂತಿ.
ಬ್ಯಾಟರಿಯ ಬಾಯಲ್ಲಿ ಹನ್ನೆರಡೂವರೆ.
ಬಲ್ಬಿನ ಬೆನ್ನಲ್ಲಿ ಒಂಬತ್ತು ಮುಕ್ಕಾಲು.
"ಬಾಕಿ ಎಲ್ಲಿ ಹೋಯ್ತು?"
ಮೂವತ್ತೊಂದು ವರ್ಷ ಹಾಲಿನ ಸೊಸೈಟಿಯಲ್ಲಿ ಲೆಕ್ಕ ಬರೆದವಳು ನಾನು.
ನಮ್ಮಲ್ಲಿ ದಾರಿಯಲ್ಲಿ ಹೆಚ್ಚಾಗುತ್ತಿತ್ತು, ಕಮ್ಮಿಯಾದದ್ದು ಕಾಣೆ.

"ಅಲ್ಲಲ್ಲಿ," ಅಂದ.
"ಸ್ವಿಚ್ಚಿಗಿಷ್ಟು, ಫ್ಯೂಸಿಗಿಷ್ಟು, ತುಕ್ಕಿಗಿಷ್ಟು,
ಮಿಕ್ಕಿದ್ದು ಬಟ್ಟೆ ಸುತ್ತಿದ ಈ ತಂತಿಗೆ.
ಬಲ್ಬಿಗೆ ವಯಸ್ಸಾಗಿಲ್ಲ ಅಕ್ಕಾ.
ಕರೆಂಟು ಬಂದು ಮುಟ್ಟೋ ಹೊತ್ತಿಗೆ ಸುಸ್ತಾಗಿರ್ತದೆ."

ರಿಮ್ಮು ಬಿಚ್ಚಿದ. ಒಂದೇ ಸ್ಕ್ರೂ, ಅದೂ ಹಟಮಾರಿ.
ಎಡಗಣ್ಣಿನ ಗುಳಿಯಲ್ಲಿ
ಕಣಜ ಕಟ್ಟಿ ಬಿಟ್ಟುಹೋದ ಮಣ್ಣುಗೂಡು.
ಗಾಜಿನ ಮೇಲರ್ಧಕ್ಕೆ ಕಪ್ಪು:
ಎಪ್ಪತ್ತೊಂದರ ಡಿಸೆಂಬರಿನಲ್ಲಿ ದೊಡ್ಡಮ್ಮ ತಾನೇ ಬಳಿದದ್ದು,
ವಾರ್ಡಿನ ಬೋರ್ಡು ಬರೆಯುವ ಬ್ರಶ್ಶಿನಲ್ಲಿ.
ಯುದ್ಧ ಎರಡು ವಾರದೊಳಗೆ ಮುಗಿಯಿತು.
ಬಣ್ಣ ಹೋಗಲಿಲ್ಲ.
ಮಕ್ಕಳಾದ ನಮಗೆ ಅದು ಕಾರು ಹಚ್ಚಿಕೊಂಡ ಕಾಡಿಗೆ.

ಜ್ಞಾನಮಣಿ ದೊಡ್ಡಮ್ಮ, ಮಿಷನ್ ಆಸ್ಪತ್ರೆಯ ಹೆರಿಗೆ ನರ್ಸು.
ಅರೆಮುಚ್ಚಿದ ಆ ಎರಡು ಕಣ್ಣಿನಲ್ಲಿ
ನಡುರಾತ್ರಿ ತೇರಹಳ್ಳಿ ಬೆಟ್ಟ ಹತ್ತಿದವಳು.
ದಾರಿ ಹೇಗೆ ಕಾಣುತ್ತಿತ್ತು ಎಂದು ಕೇಳಿದರೆ
"ಕಾಣ್ತಿರಲಿಲ್ಲ" ಅನ್ನುವಳು, ಎಲೆ ಅಡಿಕೆಯಷ್ಟು ಸಲೀಸಾಗಿ.
"ಪಕ್ಕದಲ್ಲಿ ಬಂಡೆಯಿದ್ದರೆ ಇಂಜಿನ್ ಸದ್ದು ವಾಪಸು ಬರುತ್ತೆ.
ಬರಲಿಲ್ಲವೋ, ಆ ಕಡೆ ಪ್ರಪಾತ.
ಕಿವೀಲಿ ಓಡಿಸ್ತಿದ್ದೆ ಕಣೇ."

ಬೆಂಕಿಪೊಟ್ಟಣದಷ್ಟು ದೊಡ್ಡ ಎರಡು ರಿಲೇ.
ಬ್ಯಾಟರಿಯಿಂದ ನೇರ, ಕಿರುಬೆರಳಿನಷ್ಟು ದಪ್ಪನೆ ತಂತಿ.
ಹೊಸ ಗಾಜು, ಹ್ಯಾಲೊಜೆನ್ ಬಲ್ಬು.
"ಹಳೇ ಸ್ವಿಚ್ಚು ಇನ್ನು ಭಾರ ಹೊರೋದಿಲ್ಲ,
ಬರೀ ಹೇಳ್ತದೆ. ಹೊರೋರು ಬೇರೆ."
ಕಪ್ಪು ಗಾಜುಗಳನ್ನು ಪೇಪರಿನಲ್ಲಿ ಸುತ್ತಿ
ನನ್ನ ಮಡಿಲಿಗೆ ಕೊಟ್ಟ,
ಯಾರಿಗೋ ಹುಟ್ಟಿದ್ದನ್ನು ಕೊಡುವ ಹಾಗೆ.

ರಾತ್ರಿ ಅದೇ ಬೆಟ್ಟಕ್ಕೆ ಒಬ್ಬಳೇ ಹೊರಟೆ.
ಏನೆಲ್ಲ ಕಂಡಿತು!
ಬಂಡೆಯ ಮೇಲೆ ಸುಣ್ಣದಲ್ಲಿ ಬರೆದ ಜೋಡಿ ಹೆಸರು,
ಲಾಂಟಾನದಲ್ಲಿ ಸಿಕ್ಕಿಕೊಂಡ ಚಿಪ್ಸ್ ಪೊಟ್ಟಣ,
ರಸ್ತೆಯ ನಡುವೆ ನಿಂತು ನನ್ನನ್ನೇ ಓದಿದ ಮೊಲ.
ಅಮೀರ್‌ಜಾನ್ ಗೆದ್ದ. ನಾನೂ ಸ್ವಲ್ಪ ಬೀಗಿದೆ.
ತಿರುವಿಗೆ ಮುಂಚೆಯೇ ತಿರುವು ಕಾಣುವುದೆಂದರೇನು!

ಮೇಲಿನಿಂದ ಒಂದು ಬೈಕು, ಎರಡು ಕಡೆಗೂ ಹಾಲಿನ ಕ್ಯಾನು.
ಸವಾರ ಕೈ ಎತ್ತಿ ಕಣ್ಣಿಗೆ ಅಡ್ಡ ಹಿಡಿದ.
ಗಾಡಿ ಓಲಾಡಿತು.
ನನ್ನ ಕೈ ಡ್ಯಾಶ್‌ಬೋರ್ಡೆಲ್ಲ ತಡವರಿಸಿ
ಏನೂ ಸಿಗದೆ ಸ್ಟೀರಿಂಗಿಗೆ ಮರಳಿತು.
ಎಡಗಾಲಿಗೆ ಸಿಕ್ಕಿತು:
ಕ್ಲಚ್ಚಿನ ಪಕ್ಕ ನೆಲದಲ್ಲಿ ಕಬ್ಬಿಣದ ಗುಂಡಿ,
ಅದರ ಕೆಳಗೆ ಮ್ಯಾಟಿನಲ್ಲಿ ಒಂದು ಕುಳಿ,
ಚಪ್ಪಲಿ ಬಿಟ್ಟೇ ಓಡಿಸುತ್ತಿದ್ದವಳ ಹಿಮ್ಮಡಿಯ ಅಳತೆಯದು.
ನಾನೂ ಚಪ್ಪಲಿ ಕಳಚಿದೆ.

ಒತ್ತಿದೆ. ಟಕ್.
ಬೆಳಕು ತಲೆ ತಗ್ಗಿಸಿತು.
ಕ್ಯಾನುಗಳು ಖಣಖಣ ಅನ್ನುತ್ತ ದಾಟಿ ಇಳಿದವು.

ಮತ್ತೆ ಒತ್ತಬೇಕಿತ್ತು.
ಕಾಲು ಅಲ್ಲೇ ಇತ್ತು, ಕುಳಿಯೊಳಗೆ.
ಎಡಗಡೆಯಿಂದ ಇಂಜಿನ್ ಸದ್ದು
ವಾಪಸು ಬರುತ್ತಿತ್ತು.