ಬಿಳಿಯಲ್ಲಿ ಕಾಣದ್ದು

ಮಜಲಾಯದ ಗೋದಾಮಿನಲ್ಲಿ
ಬೆಳಗಿನ ಆರಕ್ಕೇ ಎರಡು ಬೇಲು ಬಿಚ್ಚಿಟ್ಟಿದ್ದಾರೆ.
ಎರಡೂ ಪಾಲಿಯೆಸ್ಟರ್, ಎರಡೂ ಮೂವತ್ತೆಂಟು ಮಿಲಿಮೀಟರು,
ಎಡಗಡೆಯದಕ್ಕೆ ಕಿಲೋಗೆ ಎಂಟುನೂರು ರುಪಿಯಾ ಕಡಿಮೆ.

ಇಮಾಸ್ ಒಂದು ಚಿಟಿಕೆ ನಾರು ಹಿರಿದು
ಕಪ್ಪು ಬಟ್ಟೆಯ ಮೇಲೆ ಮಲಗಿಸುತ್ತಾಳೆ,
ಗುಂಗುರು ಎಣಿಸುತ್ತಾಳೆ ತುಟಿಯೊಳಗೇ:
ಹಿಜಿ, ದುವಾ, ತಿಲು...
ಕಡಿಮೆಯಾದರೆ ನಾರು ನಾರನ್ನು ಹಿಡಿಯದು
ಹೆಚ್ಚಾದರೆ ಬಿಡದು.
ಬೆರಳಿಗೆ ಹತ್ತಿದ ಎಣ್ಣೆ ಮೂಸಿ ಅನ್ನುತ್ತಾಳೆ:
ಮಳೆಗಾಲಕ್ಕೆ ಸಾಕು.
ಒಣಗಾಳಿಗೆ ಸಿಡುಕುತ್ತದೆ, ರೋಲರಿಗೆ ಸುತ್ತಿಕೊಳ್ಳುತ್ತದೆ.

ಮಾಲೀಕ ವಿರಾತ್ಮನಿಗೆ ಅವಸರ.
‘ಬಿಳಿ ಅಂದರೆ ಬಿಳಿ, ಇದರಲ್ಲೇನು ನೋಡೋದು?’

ಬೆಳ್ಳಗಿರುವುದೆಲ್ಲ ಹಾಲಲ್ಲ
ಎಂದು ಅವಳ ಭಾಷೆಯಲ್ಲಿ ಹೇಗೆನ್ನುತ್ತಾರೋ, ಅನ್ನಲಿಲ್ಲ.
ಅವನ ಚಹಾದ ಗ್ಲಾಸು ಖಾಲಿಯಾಗುವವರೆಗೆ ಕಾದು
ಎತ್ತಿಕೊಂಡು ತೊಳೆದಳು.
ಕುದಿನೀರು, ಉಗುರುತುದಿಯಷ್ಟು ನೀಲಿ ಪುಡಿ,
ಎಡಗಡೆ ಬೇಲಿನ ಒಂದು ಕುಚ್ಚು.

ಹಿಂಡಿ ಹರವಿದಾಗ
ಮಿಕ್ಕದ್ದೆಲ್ಲ ತೆಳುನೀಲಿ
ನಡುವೆ ಮೂರೇ ಮೂರು ಎಳೆ, ಕಡುನೀಲಿ,
ಭತ್ತದ ಹೊಟ್ಟಿನಂತೆ ಗಡಸು.
ಕಾರ್ಖಾನೆಯಲ್ಲಿ ಸರಿಯಾಗಿ ಎಳೆಸಿಕೊಳ್ಳದವು,
ಸಿಕ್ಕ ಬಣ್ಣವನ್ನೆಲ್ಲ ತಾವೇ ಕುಡಿಯುವವು.

ಅವನು ತುಸು ಹೊತ್ತು ನೋಡಿದ.
‘ಹಾಗಾದರೆ ಕಪ್ಪು ನೂಲಿಗೆ ಹಾಕೋಣ. ಕಪ್ಪಿನಲ್ಲಿ ಯಾರು ಕಂಡರು?’

ಒಂಬತ್ತು ವರ್ಷ ರಾತ್ರಿಪಾಳಿಯಲ್ಲಿ
ತುಂಡೆಳೆ ಕೂಡಿಸಿದವಳು ಇಮಾಸ್.
ಎಡ ತೋರುಬೆರಳಿನಲ್ಲಿ ಇನ್ನೂ ನೂಲಿನ ಗೆರೆ ಇದೆ.

‘ಕಣ್ಣಿಗೆ ಕಾಣದು, ನಿಜ.
ಮೂರು ಗಂಟೆಗೆ ಎಳೆ ಕಡಿದಾಗ
ಆ ಹುಡುಗಿಯರ ಕೈಗೆ ಕಾಣುತ್ತದೆ.’

ಹೊರಗೆ ಚಿತಾರುಮ್ ಹೊಳೆ
ಯಾರದೋ ಅಂಗಿಯ ಕೆಂಪು ಹೊತ್ತು ಹೋಗುತ್ತಿತ್ತು.
ವಿರಾತ್ಮ ಇನ್ನೊಂದು ಚಹಾ ತರಿಸಿದ,
ಬೇರೆ ಗ್ಲಾಸಿನಲ್ಲಿ.
ಎಡಗಡೆ ಬೇಲಿಗೆ ಮತ್ತೆ ಪಟ್ಟಿ ಬಿಗಿಯಿರಿ ಎಂದ,
ಯಾರ ಮುಖವನ್ನೂ ನೋಡದೆ.